ಹಳೆ ಫೈಬರ್ ದೋಣಿಯ ಬಣ್ಣ ತೆಗೆಯಲು ಯಾವುದು ವಾಸಿ: ಮೆಷಿನ್ನೋ, ರಿಮೂವರೋ, ಸ್ಕ್ರೇಪರೋ?

ಮೂರನ್ನೂ ಹೋಲಿಸಿ ನೋಡಬೇಕು ಅಂತ ಹೊರಟವನಲ್ಲ ನಾನು. ಒಂದರಲ್ಲಿ ಸುಸ್ತಾದಾಗ ಇನ್ನೊಂದನ್ನು ಹಿಡಿದೆ, ಅಷ್ಟೇ. ಕೆಲಸ ಮುಗಿಯುವ ಹೊತ್ತಿಗೆ ಒಂದೇ ದೋಣಿಯ ಮೇಲೆ ಮೂರೂ ಆಗಿತ್ತು.

ಮೊದಲು ಮೆಷಿನ್. ಆರ್ಬಿಟಲ್ ಸ್ಯಾಂಡರ್‌ಗೆ 80 ನಂಬರ್ ಉಪ್ಪುಕಾಗದ ಹಾಕಿ ಶುರು ಮಾಡಿದೆ. ಹಳೆ ಬಣ್ಣ ಬಿಸಿಗೆ ಕರಗಿ ಕಾಗದಕ್ಕೇ ಮೆತ್ತಿಕೊಳ್ಳುತ್ತಿತ್ತು. ಬದಲಿಸಿ ಬದಲಿಸಿ ಸಾಕಾಯಿತು. ಅದಕ್ಕಿಂತ ದೊಡ್ಡ ತೊಂದರೆ ಏಣುಗಳಲ್ಲಿ. ಬಣ್ಣದ ಕೆಳಗಿನ ಜೆಲ್‌ಕೋಟ್, ಅಂದರೆ ಫೈಬರನ್ನು ಮುಚ್ಚಿರುವ ಗಟ್ಟಿ ರಾಳದ ಪದರ, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ. ಮೆಷಿನ್ ಏಣಿನ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಂತಿತು, ಬಿಳಿ ಜೆಲ್‌ಕೋಟಿನ ನಡುವೆ ಗಾಜಿನ ನೂಲು ಕಾಣಿಸಿತು. ಬೆರಳುದ್ದದ ಗಾಯ. ಎಪಾಕ್ಸಿ ಪುಟ್ಟಿ ತುಂಬಿ ಮುಚ್ಚಬೇಕಾಯಿತು.

ರಿಮೂವರ್ ತರುವಾಗ ಡಬ್ಬಿಯ ಮೇಲೆ ಫೈಬರ್‌ಗ್ಲಾಸಿಗೆ ಆಗುತ್ತೆ ಅಂತ ಬರೆದಿದೆಯಾ ನೋಡಿ. ಕಬ್ಬಿಣದ ಗೇಟಿಗೆ ಬಳಸಿ ಉಳಿದಿದ್ದನ್ನು ಸೀಟಿನ ಅಡಿ ಅಂಗೈಯಗಲ ಹಚ್ಚಿ ನೋಡಿದ್ದೆ. ಜೆಲ್‌ಕೋಟೇ ಮೆತ್ತಗಾಗಿ ಉಗುರಿನ ಗೀರು ಬಿತ್ತು. ಸರಿಯಾದ ರಿಮೂವರನ್ನು ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಟ್ಟಾಗ ಬಣ್ಣ ಹಾಲಿನ ಕೆನೆಯ ಹಾಗೆ ಸುರುಟಿಕೊಂಡು ಎದ್ದಿತು. ಧೂಳೇ ಇಲ್ಲ. ಸಂದಿಗಳಿಗೆ ಇದೇ ವಾಸಿ. ಆದರೆ ಆ ಅಂಟು ಕೊಳೆಯನ್ನು ಬಳಿದು, ಮತ್ತೆ ಮತ್ತೆ ತೊಳೆಯುವ ರಗಳೆ ಇದೆಯಲ್ಲ, ಇಡೀ ದೋಣಿಗೆ ಅದನ್ನು ಮಾಡುವ ತಾಳ್ಮೆ ನನಗಿಲ್ಲ.

ಗೆದ್ದಿದ್ದು ಕಾರ್ಬೈಡ್ ಅಲಗಿನ ಸ್ಕ್ರೇಪರ್. ಅಲಗಿನ ಎರಡೂ ಮೂಲೆಗಳನ್ನು ಡೈಮಂಡ್ ಅರದಿಂದ ದುಂಡಗೆ ಮಾಡಿಕೊಂಡೆ, ಇಲ್ಲದಿದ್ದರೆ ಗೀರು ಗ್ಯಾರಂಟಿ. ಎರಡೂ ಕೈಯಲ್ಲಿ ಹಿಡಿದು ನಮ್ಮ ಕಡೆಗೆ ಎಳೆದರೆ ಹಿಡಿತ ಸಡಿಲಾದ ಬಣ್ಣ ಪೆನ್ಸಿಲ್ ಹೆರೆದ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಭುಜ ನೋಯುತ್ತೆ, ನಿಜ. ಆದರೆ ಎಷ್ಟು ಆಳಕ್ಕೆ ಹೋಗುತ್ತಿದೆ ಅಂತ ಕೈಗೇ ಗೊತ್ತಾಗುತ್ತೆ. ಮೆಷಿನ್ ಹಿಡಿದಾಗ ಅದು ತಿಳಿಯುವುದೇ ಇಲ್ಲ. ಗಟ್ಟಿಯಾಗಿ ಕಚ್ಚಿಕೊಂಡ ಬಣ್ಣವನ್ನು ಮಾತ್ರ ಸುಮ್ನೆ ಅಲ್ಲೇ ಬಿಟ್ಟೆ. ಅದರ ಮೇಲೇ ಪ್ರೈಮರ್ ಕೂರುತ್ತದೆ, ಅಂಚು ನಯವಾದರೆ ಸಾಕು.

ನೀರಿನೊಳಗೆ ಇರುವ ಭಾಗದ ಬಣ್ಣವೇ ಬೇರೆ. ಪಾಚಿ, ಚಿಪ್ಪು ಹತ್ತದಿರಲಿ ಅಂತ ಅದಕ್ಕೆ ಹೆಚ್ಚಾಗಿ ತಾಮ್ರ ಬೆರೆಸಿರುತ್ತಾರೆ. ಅದನ್ನು ಒಣಗಿದ್ದಾಗ ಉಜ್ಜಬೇಡಿ, ಧೂಳು ವಿಷ. ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಬಿಡಬೇಡಿ.

ಇಷ್ಟೆಲ್ಲಾ ಮಾಡಿಯೂ ನಾನು ಎಡವಿದ್ದು ಒರೆಸುವುದರಲ್ಲಿ. ಬಲಬದಿಯನ್ನು ಮೊದಲು ಥಿನ್ನರಿನಿಂದ ಒರೆಸಿ ಆಮೇಲೆ ಉಜ್ಜಿದ್ದೆ. ಎಡಬದಿಗೆ ಬರುವಾಗ ಸಂಜೆಯಾಗಿತ್ತು, ಒರೆಸದೇ ಉಜ್ಜಿಬಿಟ್ಟೆ. ದೋಣಿಯ ಮೈಗೆ ಹತ್ತಿದ್ದ ಹಳೇ ವ್ಯಾಕ್ಸ್ (ಮೇಣ) ಉಪ್ಪುಕಾಗದದ ಗೀರುಗಳೊಳಗೆ ಸೇರಿಕೊಂಡಿತು. ಪ್ರೈಮರ್ ಹಚ್ಚಿದ ಸ್ವಲ್ಪ ಹೊತ್ತಿಗೇ ಮೀನಿನ ಕಣ್ಣಿನಂಥ ಕುಳಿಗಳು! ಬಲಬದಿಯಲ್ಲಿ ಒಂದೂ ಇಲ್ಲ.

ಒರೆಸಲು ಎರಡು ಬಟ್ಟೆ ಬೇಕು. ಒಂದರಲ್ಲಿ ಥಿನ್ನರ್ ಹಚ್ಚಿ, ಆರುವ ಮೊದಲೇ ಇನ್ನೊಂದರಲ್ಲಿ ಎತ್ತಬೇಕು. ಆಮೇಲೆ ನೀರು ಚಿಮುಕಿಸಿ ನೋಡಿ. ಹನಿಹನಿಯಾಗಿ ಉರುಳಿದರೆ ವ್ಯಾಕ್ಸ್ ಇನ್ನೂ ಇದೆ, ತೆಳ್ಳಗೆ ಹರಡಿದರೆ ಹೋಗಿದೆ.

ಎಡಬದಿಯ ಪ್ರೈಮರ್ ಪೂರ್ತಿ ತೆಗೆದು ಮತ್ತೆ ಹಚ್ಚಲು ಎರಡು ದಿನ ಹಿಡಿಯಿತು.