ಹತ್ತು ಹುಕ್ಕು ಕೇಳಿದರೆ ಹತ್ತೇ ಕೊಡುವ ಅಂಗಡಿ

ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಬಳೆ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ಮಣಿ ಅಂಗಡಿ ಇದೆ. ಅಗಲ ಆರು ಅಡಿ ಇದ್ದರೆ ಹೆಚ್ಚು. ಬೋರ್ಡಿನ ಬಣ್ಣವೆಲ್ಲ ಬಿಸಿಲಿಗೆ ಹೋಗಿದೆ, ಓದಲು ಬರುವುದಿಲ್ಲ. ಮಣಿ ಮಾರುವ ಕಾಕಾ ಎಲ್ಲಿ ಎಂದು ಕೇಳಿದರೆ ಬಳೆ ಅಂಗಡಿಯವರು ಕೈ ಮಾಡಿ ತೋರಿಸುತ್ತಾರೆ. (ಊರಿನ ಹೊರಗಿನವರಿಗೆ ಒಂದು ಮಾತು: ಇಲ್ಲಿ ಸೂಪರ್ ಮಾರ್ಕೆಟ್ ಎಂದರೆ ಒಂದು ಕಟ್ಟಡವಲ್ಲ, ಇಡೀ ಪೇಟೆಗೇ ಆ ಹೆಸರು.)

ನಾನು ಮಾಡುವ ಒಡವೆಗೆ ಬೇಕಾದ ಸಾಮಾನೆಲ್ಲ ಕಳೆದ ಒಂದು ವರ್ಷದಿಂದ ಇಲ್ಲಿಂದಲೇ ತರುತ್ತಿದ್ದೇನೆ. ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಈ ಕೆಲಸ ಕೈಬಿಟ್ಟು ಹೋಗಲಿಲ್ಲ ಅಂದ್ರೆ ಅದಕ್ಕೆ ಅರ್ಧ ಕಾರಣ ಈ ಅಂಗಡಿ. ಓದುತ್ತಾ ಕೈಕೆಲಸವನ್ನೂ ಮಾಡುವವರು ನಮ್ಮ ಕಡೆ ಬಹಳ ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ ಎಂದು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಡಿಗ್ರಿ ಮುಗಿದ ಮೇಲೆ ನಾನು ಒಂದು ವರ್ಷ ಮನೆಯಲ್ಲಿದ್ದೆ. ಆಗ ಶುರುವಾಗಿದ್ದು ರೇಷ್ಮೆ ದಾರದ ಜುಮಕಿ, ಆಮೇಲೆ ಮಣಿ ಸರ, ಆಮೇಲೆ ತಾಮ್ರದ ತಂತಿ ಸುತ್ತಿದ ಪೆಂಡೆಂಟು. ದಿನಕ್ಕೆ ಐದಾರು ಗಂಟೆ ಕೂರುತ್ತಿದ್ದೆ. ಪರಿಚಯದವರಿಂದ ಪರಿಚಯದವರಿಗೆ ಮಾತು ಹೋಗಿ ದೀಪಾವಳಿಗೆ, ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ, ಮದುವೆ ತಿಂಗಳುಗಳಿಗೆ ಆರ್ಡರ್ ಬರುತ್ತಿತ್ತು. ಆ ದಿನಗಳಲ್ಲಿ ಸಾಮಾನು ತರುವುದು ಕಷ್ಟ ಅನಿಸಲೇ ಇಲ್ಲ. ಹೈದರಾಬಾದಿಗೆ ಹೋಗುವ ಅಣ್ಣನ ಕೈಯಲ್ಲಿ ಬೇಗಂ ಬಜಾರಿನಿಂದ ಕೆಜಿಗಟ್ಟಲೆ ತರಿಸುತ್ತಿದ್ದೆ, ಉಳಿದದ್ದು ಆನ್‌ಲೈನ್. ಜುಮಕಿಯನ್ನು ಕಿವಿಗೆ ಸಿಕ್ಕಿಸುವ ಹುಕ್ಕು ಸಾವಿರದ ಪ್ಯಾಕೆಟ್, ಅರ್ಧ ಕೆಜಿ ಮಣಿ. ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಅಗ್ಗ, ನಿಜ.

ಆಮೇಲೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಸೀಟು ಸಿಕ್ಕಿತು. ಫೀಸು ಕಟ್ಟುವ ವಾರ ಮನೆಯಲ್ಲಿ ಕೂತು ನನ್ನ ಡಬ್ಬಿಗಳನ್ನೆಲ್ಲ ತೆಗೆದು ನೋಡಿದೆ. ಒಂದು ವರ್ಷ ದುಡಿದ ದುಡ್ಡಿನ ಒಂದು ದೊಡ್ಡ ಪಾಲು ಅಲ್ಲೇ ಕೂತಿತ್ತು, ಯಾರೂ ಕೇಳದ ಬಣ್ಣದ ಮಣಿಗಳ ರೂಪದಲ್ಲಿ. ಕೈಯಲ್ಲಿ ನಗದು ಇಲ್ಲ, ಆದರೆ ಕಿತ್ತಳೆ ಬಣ್ಣದ ಮಣಿ 400 ಗ್ರಾಂ ಇದೆ. ಆ ದಿನ ನನಗೆ ಬಹಳ ಬೇಸರವಾಯಿತು. ಇನ್ನು ಮುಂದೆ ಆರ್ಡರ್ ಎಷ್ಟೋ ಅಷ್ಟೇ ಸಾಮಾನು ಕೊಳ್ಳಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಹಾಗೆ ಬಿಡಿಯಾಗಿ ಕೊಡುವವರನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಾಕಾ.

ಅವರ ಹತ್ತಿರ ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಸಣ್ಣ ತಕ್ಕಡಿ ಇದೆ. 20 ಗ್ರಾಂ ಮಣಿ ಕೇಳಿದರೆ 20 ಗ್ರಾಂ ತೂಗುತ್ತಾರೆ. ತಂತಿ ಎರಡು ಮೀಟರ್ ಬೇಕೆಂದರೆ ಎರಡೇ ಮೀಟರ್ ಕತ್ತರಿಸಿ ಕೊಡುತ್ತಾರೆ. ಮೊದಲ ಸಲ ಹೋದಾಗ ಹತ್ತು ಹುಕ್ಕು ಕೇಳಲು ನನಗೆ ಸಂಕೋಚ. "ಎಷ್ಟ್ ಬೇಕೋ ಅಷ್ಟೇ ತಗೋರಿ ತಂಗಿ, ಮನ್ಯಾಗ ಇಟ್ಟು ಏನ್ ಮಾಡ್ತೀರಿ" ಅಂದರು. ಬಿಡಿಯಾಗಿ ತಂದರೆ ಬೆಲೆ ಜಾಸ್ತಿ ಬೀಳುತ್ತೆ, ಅದನ್ನು ಮುಚ್ಚಿಡುವುದಿಲ್ಲ. ಆನ್‌ಲೈನ್ ಪ್ಯಾಕೆಟ್ಟಿಗೆ ಹೋಲಿಸಿದರೆ ಒಂದು ಜೊತೆ ಜುಮಕಿಗೆ ಎರಡು ಮೂರು ರೂಪಾಯಿ ಹೆಚ್ಚು. ಆದರೆ ಉಳಿಕೆ ಎನ್ನುವುದೇ ಇಲ್ಲ. ಆರ್ಡರ್ ಕೊಟ್ಟವರ ಮುಂಗಡದಲ್ಲೇ ಸಾಮಾನು ಬರುತ್ತದೆ, ನನ್ನ ಪುಸ್ತಕದ ದುಡ್ಡಿಗೆ ಕೈ ಹಾಕಬೇಕಾಗಿಲ್ಲ.

ಇನ್ನೊಂದು, ಸಮಯ. ಎಂ.ಎಸ್ಸಿ. ಎಂದರೆ ಡಿಗ್ರಿಯ ಹಾಗೆ ಅಲ್ಲ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಪ್ರಾಕ್ಟಿಕಲ್, ಸಂಜೆ ರೆಕಾರ್ಡು ಬರೆಯುವುದು, ನಡುವೆ ಸೆಮಿನಾರು. ಹಾಜರಿ ಶೇ 75 ಇರಲೇಬೇಕು. ಸೇಡಂ ರಸ್ತೆಯ ಜ್ಞಾನಗಂಗಾ ಕ್ಯಾಂಪಸ್ಸಿನಿಂದ ಮನೆ ಮುಟ್ಟುವ ಹೊತ್ತಿಗೆ ಪೇಟೆಗೆ ಹೋಗುವ ಶಕ್ತಿ ಉಳಿದಿರುವುದಿಲ್ಲ. ಹಾಗಾಗಿ ನಾನು ಗುರುವಾರ ರಾತ್ರಿ ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸುತ್ತೇನೆ. ಶನಿವಾರ ಹೋದರೆ ಪ್ರತಿ ಆರ್ಡರಿಗೆ ಒಂದೊಂದು ಸಣ್ಣ ಕವರು, ಮೇಲೆ ಪೆನ್ನಿನಲ್ಲಿ ನಂಬರು. ಹತ್ತು ನಿಮಿಷದ ಕೆಲಸ. ಬಸ್ಸಿಗೆ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಮೊದಲು ಬರೀ ಒಂದು ಡಬ್ಬಿ ಗೋಂದಿಗಾಗಿ ಪೇಟೆಗೆ ಹೋಗಲು ಲೆಕ್ಕ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ.

ಈ ಕವರು ಮಾಡಿ ಕೊಡುವುದು ಕಾಕು, ಅಂದರೆ ಅವರ ಹೆಂಡತಿ. ಬಣ್ಣ ಹೊಂದಿಸುವುದರಲ್ಲಿ ಅವರ ಕಣ್ಣು ನನಗಿಂತ ಎಷ್ಟೋ ಚೆನ್ನಾಗಿದೆ. ಇಳಕಲ್ ಸೀರೆಗೆ ಜುಮಕಿ ಬೇಕೆಂದು ಒಬ್ಬರು ಕೇಳಿದ್ದರು, ಸೆರಗಿನ ಕೆಂಪೇ ಬರಬೇಕು ಅಂತ. ನಾನು ಬ್ಲೌಸ್ ಪೀಸಿನ ಚೂರು ತೆಗೆದುಕೊಂಡು ಹೋಗಿದ್ದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮೂರು ದಾರ ಒಂದೇ ಥರ ಕಂಡವು. ಕಾಕು ಮೂರನ್ನೂ ಹಿಡಿದು ಬೀದಿಗೆ ಬಂದು ಬಿಸಿಲಲ್ಲಿ ನೋಡಿದರು. ಎರಡು ಗುಲಾಬಿಗೆ ಹೋಗುತ್ತಿದ್ದವು, ಒಂದೇ ಸರಿ ಇತ್ತು. ಅವತ್ತಿನಿಂದ ನಾನು ಮನೆಯಲ್ಲೂ ಕಿಟಕಿ ಹತ್ತಿರ ಇಟ್ಟು ನೋಡದೆ ದಾರ ಸುತ್ತುವುದಿಲ್ಲ.

ಈಗ ಹುಕ್ಕಿನ ವಿಷಯ. ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ ಅಂದರೂ ನಡೆಯುತ್ತೆ.

ಮೊದಲ ಇಂಟರ್ನಲ್ಸ್ ಹೊತ್ತಿಗೆ ಒಂದು ಮದುವೆ ಮನೆಯಿಂದ 14 ಜೊತೆ ಜುಮಕಿಯ ಆರ್ಡರ್ ಬಂತು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ರಾತ್ರಿ ಎರಡರವರೆಗೆ ಕೂತು ಮುಗಿಸಿದೆ. ಕಾಕಾ ಹತ್ತಿರ ಹೋಗಲು ಹೊತ್ತಿಲ್ಲದೆ ಹಳೆಯ ಆನ್‌ಲೈನ್ ಪ್ಯಾಕೆಟ್ಟಿನ ಹುಕ್ಕುಗಳನ್ನೇ ಹಾಕಿದೆ. ನಿಕ್ಕಲ್ ಲೋಹ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅದು ಇಲ್ಲ ಎಂದು ಪ್ಯಾಕೆಟ್ ಮೇಲೆ ಬರೆದಿತ್ತು. ಒಂದು ವಾರಕ್ಕೆ ಮೂರು ಜನರ ಕಿವಿ ತುರಿಕೆ ಎದ್ದು ಕೆಂಪಾಯಿತು, ಒಬ್ಬರಿಗೆ ನೀರು ಸೋರುವ ಮಟ್ಟಕ್ಕೆ ಹೋಗಿತ್ತು. 14 ಜೊತೆಯ ದುಡ್ಡನ್ನೂ ವಾಪಸ್ ಕೊಟ್ಟೆ. ದುಡ್ಡಿಗಿಂತ ಆ ಹುಡುಗಿಯ ಕಿವಿಯ ಫೋಟೋ ನೋಡಿ ನನಗೆ ಊಟ ಸೇರಲಿಲ್ಲ.

ಆಮೇಲೆ ನಮ್ಮ ಲ್ಯಾಬಿನಲ್ಲಿ ಮೇಡಂ ಅವರನ್ನು ಕೇಳಿ ಆ ಹುಕ್ಕುಗಳನ್ನು ಪರೀಕ್ಷೆ ಮಾಡಿದೆ. ನಿಕ್ಕಲ್ ಕಂಡುಹಿಡಿಯಲು ಡೈಮಿಥೈಲ್‌ಗ್ಲೈಆಕ್ಸಿಮ್ ಎನ್ನುವ ರಾಸಾಯನಿಕ ಬಳಸುತ್ತಾರೆ, ಕೆಮಿಸ್ಟ್ರಿ ಓದಿದವರಿಗೆ ಗೊತ್ತಿರುತ್ತದೆ. ಹತ್ತಿಯ ಕಡ್ಡಿಗೆ ಅದನ್ನೂ ಅಮೋನಿಯಾವನ್ನೂ ಒಂದೊಂದು ಹನಿ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜಿದರೆ ಸಾಕು. ನಿಕ್ಕಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನನ್ನ ಪ್ಯಾಕೆಟ್ಟಿನ ಹುಕ್ಕು ಉಜ್ಜಿದ ಕೂಡಲೇ ಗುಲಾಬಿ ಆಯಿತು.

ಕಾಕಾಗೆ ಇದನ್ನು ಹೇಳಿದೆ. ಅವರು ಮುಖ ತಿರುಗಿಸಲಿಲ್ಲ, ತಮ್ಮ ಅಂಗಡಿಯಲ್ಲಿದ್ದ ಐದು ಥರದ ಹುಕ್ಕಿನ ಮಾದರಿ ಕೊಟ್ಟು "ಇವನ್ನೂ ನೋಡ್ರಿ" ಅಂದರು. ಜರ್ಮನ್ ಸಿಲ್ವರ್ ಎಂದು ಮಾರುವುದು ಗುಲಾಬಿ ಆಯಿತು, ಆಗಲೇಬೇಕು. ಅದರಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ತಾಮ್ರ ಸುಮಾರು ಶೇ 60, ಉಳಿದದ್ದು ನಿಕ್ಕಲ್ ಮತ್ತು ಸತು. ಬಹಳ ಜನ ಬೆಳ್ಳಿ ಎಂದೇ ತಿಳಿದು ಹಾಕಿಕೊಳ್ಳುತ್ತಾರೆ. ಚಿನ್ನದ ಬಣ್ಣದ ಒಂದು ಥರವೂ ಗುಲಾಬಿ ಆಯಿತು. 316ಎಲ್ ಎನ್ನುವ ತುಕ್ಕು ಹಿಡಿಯದ ಸ್ಟೀಲಿನದು ಗುಲಾಬಿ ಆಗಲಿಲ್ಲ. ಆ ಸ್ಟೀಲಿನೊಳಗೂ ನಿಕ್ಕಲ್ ಇದೆ, ಆದರೆ ಅದು ಹೊರಗೆ ಬರುವುದು ಬಹಳ ಕಡಿಮೆ, ಚರ್ಮಕ್ಕೆ ಮುಟ್ಟುವುದು ಹೊರಗೆ ಬಂದದ್ದು ಮಾತ್ರ ಅಲ್ವಾ. ಈಗ ಕಾಕಾ ಸ್ಟೀಲ್ ಹುಕ್ಕಿಗೆ ಬೇರೆ ಡಬ್ಬಿ ಮಾಡಿದ್ದಾರೆ. ಯಾರಾದರೂ ಕಿವಿ ತುರಿಸುತ್ತೆ ಅಂದರೆ ಅದನ್ನೇ ಕೊಡುತ್ತಾರೆ, ಜರ್ಮನ್ ಸಿಲ್ವರ್ ಕೇಳಿದವರಿಗೆ ಇದರಲ್ಲಿ ಬೆಳ್ಳಿ ಇಲ್ಲ ಎಂದು ಹೇಳಿ ಕೊಡುತ್ತಾರೆ. ಹೀಗೆ ಹೇಳಿ ಮಾರುವ ಅಂಗಡಿ ನಾನು ಇನ್ನೊಂದು ನೋಡಿಲ್ಲ.

ತಂತಿಯಲ್ಲಿ ಮಾತ್ರ ಹುಷಾರು. ತಂತಿಯ ದಪ್ಪವನ್ನು ಗೇಜು ನಂಬರಿನಲ್ಲಿ ಹೇಳುತ್ತಾರೆ, ಆದರೆ 20 ನಂಬರ್ ತಂತಿ ಎಂದರೆ ಎರಡು ಲೆಕ್ಕ ಇದೆ. ವಿಡಿಯೋಗಳಲ್ಲಿ ಹೇಳುವುದು ಹೆಚ್ಚಾಗಿ ಅಮೆರಿಕದ ಗೇಜು, ಅದರಲ್ಲಿ 20 ಅಂದರೆ ಸುಮಾರು 0.81 ಮಿಲಿಮೀಟರ್. ನಮ್ಮ ಪೇಟೆಯಲ್ಲಿ ನಡೆಯುವುದು ಬ್ರಿಟಿಷ್ ಗೇಜು, ಅದರಲ್ಲಿ 20 ಅಂದರೆ 0.91. ಕೇಳಲು ಸಣ್ಣ ವ್ಯತ್ಯಾಸ, ಆದರೆ ಮಣಿಯ ತೂತಿನೊಳಗೆ ತಂತಿ ಹೋಗದೆ ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ. ಕಡೆಗೆ ಸ್ಕ್ರೂ ಗೇಜಿನಲ್ಲಿ ಅಳೆದಾಗ ಗೊತ್ತಾಯಿತು. ಕಾಕಾ ಡಬ್ಬಿಯ ಮೇಲೆ ಬರೀ ನಂಬರ್ ಇರುತ್ತದೆ, ಯಾವ ಲೆಕ್ಕ ಎಂದು ಇರುವುದಿಲ್ಲ. ಮಿಲಿಮೀಟರಿನಲ್ಲಿ ಕೇಳಿ. ಮತ್ತೆ ಅವರ ತಾಮ್ರದ ತಂತಿ ಮೋಟರ್ ಸುತ್ತುವ ಥರದ್ದು, ಮೇಲೆ ಎನಾಮೆಲ್ ಲೇಪ ಇರುತ್ತದೆ. ಬೇಗ ಕಪ್ಪಾಗುವುದಿಲ್ಲ, ಅದು ಒಳ್ಳೆಯದೇ. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಲು ಹೋದರೆ ಲೇಪ ಬಿರಿಯುತ್ತದೆ.

ಗೋಂದು ಇಲ್ಲಿ ತೆಗೆದುಕೊಳ್ಳಬೇಡಿ. ಎರಡು ಸಲ ಹಳೆಯ ಸ್ಟಾಕು ಬಂತು, ಟ್ಯೂಬಿನೊಳಗೇ ಗಟ್ಟಿಯಾಗಿತ್ತು. ಬದಲಾಯಿಸಿ ಕೊಟ್ಟರು, ಆದರೆ ಅದಕ್ಕಾಗಿ ಮತ್ತೊಂದು ಸಲ ಹೋಗಬೇಕಾಯಿತು. ಚಿನ್ನದ ಬಣ್ಣದ ಸಣ್ಣ ಗುಂಡುಗಳೂ ಅಷ್ಟೇ, ಬೆವರಿಗೆ ಮೂರು ತಿಂಗಳಲ್ಲಿ ಬಣ್ಣ ಬಿಡುತ್ತವೆ. ಬಿಲ್ಲು ಕೇಳಿದರೆ ಮಾತ್ರ ಬರೆಯುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ, ಬೇಸಿಗೆಯಲ್ಲಿ ಐದರವರೆಗೆ. ನಮ್ಮೂರಿನ ಮೇ ತಿಂಗಳ ಬಿಸಿಲಿಗೆ ಅದನ್ನು ತಪ್ಪು ಅನ್ನಲು ಬರುವುದಿಲ್ಲ.

ಒಂದು ಸಲ ಕಾಕಾ ಬೀದರಿನಿಂದ ಬಂದ ನಾಲ್ಕು ಸಣ್ಣ ಬಿದರಿ ಪದಕ ತೋರಿಸಿದರು. ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಬೆಳ್ಳಿ ತಂತಿಯ ಕೆತ್ತನೆ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕ್ಲಾಸಿನಲ್ಲಿ ಲೋಹಗಳ ಪಾಠ ಕೇಳಿ ಬಂದ ವಾರವೇ ಅದನ್ನು ಕೈಯಲ್ಲಿ ಹಿಡಿದೆ. ಎಷ್ಟು ಹೊತ್ತು ನೋಡುತ್ತಾ ನಿಂತೆನೋ ಗೊತ್ತಿಲ್ಲ. ಒಂದನ್ನು ಕೊಂಡು ಕಪ್ಪು ದಾರಕ್ಕೆ ಪೋಣಿಸಿ ಅಮ್ಮನಿಗೆ ಕೊಟ್ಟೆ, ಅದು ಮಾರಲಿಕ್ಕಲ್ಲ.

ಓದು ಮತ್ತು ಈ ಕೆಲಸ ಎರಡನ್ನೂ ಹೇಗೆ ಮಾಡುತ್ತೀಯಾ ಎಂದು ಕ್ಲಾಸಿನವರು ಕೇಳುತ್ತಾರೆ. ಆ 14 ಜೊತೆ ಆದ ಮೇಲೆ ನಾನು ಕೆಲಸಗಳನ್ನು ಎರಡು ಭಾಗ ಮಾಡಿದೆ: ನಡುವೆ ಬಿಡಬಹುದಾದದ್ದು, ಬಿಡಬಾರದ್ದು. ರಿಂಗು ತೆರೆದು ಕೊಂಡಿ ಹಾಕುವುದು, ಮಣಿ ಪೋಣಿಸುವುದು ಯಾವಾಗ ಬೇಕಾದರೂ ನಿಲ್ಲಿಸಬಹುದು, ಹಾಗಾಗಿ ವಾರದ ರಾತ್ರಿಗಳಲ್ಲಿ ಊಟ ಆದ ಮೇಲೆ ಅರ್ಧ ಗಂಟೆ ಅದೇ. ರೇಷ್ಮೆ ದಾರ ಸುತ್ತುವುದು ಹಾಗಲ್ಲ. ನಡುವೆ ಎದ್ದು ಹೋದರೆ ದಾರದ ಬಿಗಿ ತಪ್ಪುತ್ತದೆ, ಮತ್ತೆ ಕೂತಾಗ ಅಲ್ಲೊಂದು ಗೆರೆ ಕಾಣುತ್ತದೆ, ಹೊಳಪು ಒಡೆಯುತ್ತದೆ. ಅದು ಭಾನುವಾರ ಬೆಳಿಗ್ಗೆ ಮಾತ್ರ, ಫೋನು ಬೇರೆ ಕೋಣೆಯಲ್ಲಿ. ತಿಂಗಳಿಗೆ ಆರು ಆರ್ಡರ್, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಎರಡು ವಾರದ ಗಡುವು ಮೊದಲೇ ಹೇಳುತ್ತೇನೆ. ಮದುಮಗಳ ಸೆಟ್ಟು ಪೂರ್ತಿ ನಿಲ್ಲಿಸಿದ್ದೇನೆ, ಎಂ.ಎಸ್ಸಿ.ಯ ಎರಡು ವರ್ಷ ಮುಗಿಯುವ ತನಕ. ಅದನ್ನು ಬಿಟ್ಟದ್ದು ನೋವಿನ ವಿಷಯವೇ, ನನಗೆ ಅತಿ ಇಷ್ಟದ ಕೆಲಸ ಅದಾಗಿತ್ತು. ಇಷ್ಟು ಕಡಿಮೆ ಮಾಡಿಯೂ ಕೆಲಸ ನಿಲ್ಲದೆ ನಡೆಯುತ್ತಿದೆ ಅಂದರೆ ಆರು ಆರ್ಡರಿಗೆ ಆರು ಕವರು ಕಟ್ಟಿ ಕೊಡುವವರು ಇದ್ದಾರೆ ಅನ್ನುವ ಕಾರಣಕ್ಕೆ. ದೊಡ್ಡ ಅಂಗಡಿಗೆ ನನ್ನಂಥ ಗಿರಾಕಿ ಬೇಕಾಗಿಲ್ಲ, ತಿಂಗಳಿಗೆ ನನ್ನ ಪೂರ್ತಿ ಖರೀದಿ 600 ರೂಪಾಯಿ ದಾಟುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಗೋಂದಿಗೂ ತಂತಿಯ ನಂಬರಿಗೂ ಸೇರಿ ಅರ್ಧ ಕಳೆದೆ.

ನನ್ನ ಪರೀಕ್ಷೆ ಬರುವ ಶುಕ್ರವಾರ ಮುಗಿಯುತ್ತದೆ. ನವಿಲು ಬಣ್ಣದ ದಾರ ಎರಡು ಉಂಡೆ ನನ್ನ ಹೆಸರಲ್ಲಿ ತೆಗೆದಿಟ್ಟಿರುವುದಾಗಿ ಕಾಕು ಮೊನ್ನೆ ಮೆಸೇಜು ಹಾಕಿದ್ದಾರೆ. ಶನಿವಾರ ಎರಡರೊಳಗೆ ಹೋಗಬೇಕು.