ಝಿಂಕ್ ಆಕ್ಸೈಡ್ ಹಿಡಿಯುವ ಪೆಪ್ಟೈಡಿಗಾಗಿ ಒಂದು ಫೇಜ್ ಕಿಟ್: ಆರು ತಿಂಗಳ ಅನುಭವ

ಝಿಂಕ್ ಆಕ್ಸೈಡ್ ಪುಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ನನಗೆ ಬೇಕಿತ್ತು. ಅದಕ್ಕಂತಲೇ ಎಂ13 ಫೇಜ್ ಲೈಬ್ರರಿ ಕಿಟ್ ತರಿಸಿದೆ. ಆರು ತಿಂಗಳು ಬಳಸಿದ್ದೇನೆ. ತರಿಸೋದಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ, ಅದರಲ್ಲೂ ನನ್ನ ಹಾಗೆ ಲೋಹ, ಖನಿಜಗಳ ಜೊತೆ ಕೆಲಸ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಎಂ13 ಅಂದರೆ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗಳಿಗೇ ಫೇಜ್ ಅನ್ನೋದು. ನೂಲಿನ ಎಳೆಯ ಥರ ಇರುತ್ತದೆ. ಉದ್ದ ಸುಮಾರು 900 ನ್ಯಾನೊಮೀಟರ್, ದಪ್ಪ ಬರೀ 6-7. ಮೈಗೆಲ್ಲ ಪಿ8 ಅನ್ನುವ ಪ್ರೋಟೀನಿನ ಸುಮಾರು 2,700 ಪ್ರತಿಗಳ ಹೊದಿಕೆ. ಒಂದು ತುದಿಯಲ್ಲಿ ಮಾತ್ರ ಪಿ3 ಪ್ರೋಟೀನಿನ 5 ಪ್ರತಿ. ಕಿಟ್ಟಿನವರು ಆ ಪಿ3ಗೆ 12 ಅಮೈನೊ ಆಮ್ಲಗಳ ತುಣುಕು ಸೇರಿಸಿರುತ್ತಾರೆ, ಫೇಜಿಗೊಂದು ಬಗೆ. ಒಂದು ಪುಟ್ಟ ಟ್ಯೂಬಿನಲ್ಲಿ 100 ಕೋಟಿಯಷ್ಟು ಬಗೆ! ಲೈಬ್ರರಿ ಅನ್ನೋದು ಇದನ್ನೇ. ಇದನ್ನು ಪುಡಿಯ ಜೊತೆ ಬೆರೆಸಿ, ಅಂಟದ ಫೇಜನ್ನು ತೊಳೆದು, ಅಂಟಿದ್ದನ್ನು ಬಿಡಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರೆ ಒಂದು ಸುತ್ತು. ಹೀಗೆ ಕೆಲವು ಸುತ್ತು ಮಾಡಬೇಕು. 1985ರಲ್ಲಿ ಜಾರ್ಜ್ ಸ್ಮಿತ್ ತೋರಿಸಿಕೊಟ್ಟ ದಾರಿ ಇದು. 2018ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದೂ ಇದಕ್ಕೇ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಜೊತೆಗೆ ಕೊಟ್ಟ ಬ್ಯಾಕ್ಟೀರಿಯಾ ಮೊದಲ ದಿನವೇ ಸರಿಯಾಗಿ ಬೆಳೆಯಿತು. ಪ್ಲೇಟಿನಲ್ಲಿ ಪ್ಲೇಕ್‌ಗಳು (ಬ್ಯಾಕ್ಟೀರಿಯಾಕ್ಕೆ ಫೇಜ್ ತಗಲಿದ ಕಡೆ ಕಾಣುವ ಚುಕ್ಕೆಗಳು) ಅಚ್ಚ ನೀಲಿಯಾಗಿ ಬರುತ್ತವೆ, ಎಣಿಸೋದು ಸುಲಭ. ಬಿಳಿ ಪ್ಲೇಕ್ ಕಂಡರೆ ಹೊರಗಿನ ಫೇಜ್ ಸೇರಿಕೊಂಡಿರಬಹುದು ಅಂತ ಆಗಲೇ ಅನುಮಾನ ಪಡಬಹುದು. ಫೇಜನ್ನು ದ್ರವದಿಂದ ಬೇರೆ ಮಾಡೋಕೆ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಮತ್ತು ಉಪ್ಪು ಹಾಕಿ ರಾತ್ರಿ ತಣ್ಣಗಿಟ್ಟು, ಬೆಳಿಗ್ಗೆ ಸೆಂಟ್ರಿಫ್ಯೂಜ್ ಮಾಡಿದಾಗ ಟ್ಯೂಬಿನ ಒಂದು ಬದಿಗೆ ಮಾಸಲು ಬಿಳಿ ಗೆರೆ ಕಾಣುತ್ತದೆ. ಬೆರಳಿನ ಗುರುತಿನಷ್ಟು ತೆಳು. ಬೆಳಕಿಗೆ ಓರೆಯಾಗಿ ಹಿಡಿಯದಿದ್ದರೆ ಗೊತ್ತೇ ಆಗೋದಿಲ್ಲ. ಆ ಗೆರೆಯೇ ನಿಮ್ಮ ಫೇಜ್. ಮೊದಲ ಸಲ ನೋಡಿದಾಗ ಆದ ಖುಷಿ ನನಗಿನ್ನೂ ನೆನಪಿದೆ.

ತೊಂದರೆ ಇರೋದು ಮ್ಯಾನುಯಲ್‌ನಲ್ಲಿ. ಅದನ್ನು ಪ್ರೋಟೀನಿನವರಿಗಾಗಿಯೇ ಬರೆದಿದ್ದಾರೆ. ಅಂಟಿಕೊಂಡ ಫೇಜನ್ನು ಬಿಡಿಸೋಕೆ ಪಿಎಚ್ 2.2ರ ಗ್ಲೈಸಿನ್ ಬಫರ್, ಅಂದರೆ ಒಂದು ಆಸಿಡ್ ದ್ರಾವಣ, ಹಾಕಿ ಅನ್ನುತ್ತದೆ. ಆದರೆ ಝಿಂಕ್ ಆಕ್ಸೈಡ್ ಆಸಿಡ್‌ನಲ್ಲಿ ಕರಗುತ್ತದೆ ಅಲ್ವಾ? ಪುಡಿಯೇ ಕರಗಿದರೆ ಗಟ್ಟಿಯಾಗಿ ಹಿಡಿದ ಫೇಜೂ ಸುಮ್ನೆ ತಗಲಿಕೊಂಡ ಫೇಜೂ ಒಟ್ಟಿಗೇ ಹೊರಬರುತ್ತವೆ. ಹೀಗೆ ನನ್ನ ಎರಡು ಸುತ್ತು ವ್ಯರ್ಥವಾದವು. ಆಮೇಲೆ ಆಸಿಡ್ ಕೈಬಿಟ್ಟೆ. ಪುಡಿಯನ್ನು ಚೆನ್ನಾಗಿ ತೊಳೆದು, ಫೇಜ್ ಅಂಟಿರುವಾಗಲೇ ಅದರ ಮೇಲೆ ಬ್ಯಾಕ್ಟೀರಿಯಾ ಸುರಿದೆ. ಫೇಜ್ ಬ್ಯಾಕ್ಟೀರಿಯಾಕ್ಕೆ ತಗಲೋದೂ ಪಿ3 ಮೂಲಕವೇ. ಪುಡಿಗೆ ಅಂಟದೆ ಖಾಲಿ ಉಳಿದ ಪಿ3 ಸಾಕು, ಸೋಂಕು ತಗಲಿತು. ಈ ಒಂದು ಮಾತು ಮ್ಯಾನುಯಲ್‌ನಲ್ಲಿ ಇರಬೇಕಿತ್ತು.

ಇನ್ನೊಂದು ವಿಷಯ. ಮೂರನೇ ಸುತ್ತಿನ ನಂತರ 20 ಪ್ಲೇಕ್‌ಗಳ ಫೇಜ್ ಡಿಎನ್‌ಎ ಓದಿಸಿದಾಗ 11ರಲ್ಲಿ ಒಂದೇ ಅಮೈನೊ ಆಮ್ಲ ಸರಣಿ. ಕುಣಿದಾಡುವಷ್ಟು ಸಂತೋಷ. ಆದರೂ ಆ ಫೇಜನ್ನು ಪುಡಿ ಇಲ್ಲದೆ ಬರೀ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ನೋಡಿದೆ. ಉಳಿದವಕ್ಕಿಂತ ಅದು ಬೇಗ ಬೆಳೆಯುತ್ತಿತ್ತು, ಅಷ್ಟೇ. ಪುಡಿ ಹಿಡಿಯುವ ಗುಣ ಅದರಲ್ಲಿ ಇರಲೇ ಇಲ್ಲ. ನಿಜವಾಗಿ ಹಿಡಿದಿದ್ದು 3 ಪ್ಲೇಕ್‌ಗಳಲ್ಲಿ ಕಂಡ ಬೇರೆ ಸರಣಿ. ಹಾಗಾಗಿ ಪುಡಿ ಇಲ್ಲದ ಈ ಖಾಲಿ ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ.

ಇಡೀ ಫೇಜನ್ನೇ ತಂತಿ ಮಾಡಬೇಕು ಅಂದುಕೊಂಡವರಿಗೆ ಈ ಕಿಟ್ ಸಾಲದು. 2006ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆಂಜೆಲಾ ಬೆಲ್ಚರ್ ತಂಡ ಇದೇ ಎಂ13ರ ಮೇಲೆ ಕೋಬಾಲ್ಟ್ ಆಕ್ಸೈಡ್ ಬೆಳೆಸಿ ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡ್ ಮಾಡಿತು. ಅವರು ಬದಲಿಸಿದ್ದು ಪಿ8ನ್ನು, ಸೇರಿಸಿದ್ದು ಬರೀ 4 ಗ್ಲುಟಮೇಟ್ (ಒಂದು ಬಗೆಯ ಅಮೈನೊ ಆಮ್ಲ). ಇಲ್ಲಿ ಸಿಕ್ಕ 12ರ ತುಣುಕನ್ನು ಎಲ್ಲ 2,700 ಪಿ8ಗಳಿಗೂ ಸೇರಿಸಲು ಹೋದರೆ ಫೇಜ್ ಕಟ್ಟಿಕೊಳ್ಳೋದೇ ಇಲ್ಲ. ಈ ಕಿಟ್ ಕೊಡೋದು ತುದಿಯ ಕೊಕ್ಕೆ ಮಾತ್ರ. ನನ್ನ ಕೆಲಸಕ್ಕೆ ಅಷ್ಟು ಸಾಕಿತ್ತು.

ಲೈಬ್ರರಿ ಮುಗಿಯುತ್ತಾ ಬಂತು ಅಂತ ಅದನ್ನೇ ಮತ್ತೆ ಬೆಳೆಸಿಕೊಳ್ಳಬೇಡಿ. ಅಪರೂಪದ ಬಗೆಗಳು ಮೊದಲು ಕಳೆದುಹೋಗುತ್ತವೆ. ನನ್ನ ಟ್ಯೂಬಿನಲ್ಲಿ ಇನ್ನೂ ಒಂದೆರಡು ಹುಡುಕಾಟಕ್ಕೆ ಆಗುವಷ್ಟಿದೆ. ಮುಂದಿನ ಸರದಿ ಮೂಳೆಯ ಖನಿಜ ಹೈಡ್ರಾಕ್ಸಿಅಪಟೈಟ್‌ದು. ಅದೂ ಆಸಿಡ್‌ಗೆ ಕರಗುತ್ತದೆ, ಆದ್ದರಿಂದ ಗ್ಲೈಸಿನ್ ಬಾಟಲಿ ಈ ಸಲ ಶೆಲ್ಫಿನಲ್ಲೇ ಇರುತ್ತದೆ.