‘ಫಿಟ್ಟಿಂಗ್ ಸೇರಿ 10 ಸಾವಿರ’: ನಾಲ್ಕು ಕ್ಯಾಮೆರಾ ಸೆಟ್ ಬಿಚ್ಚಿ ನೋಡಿದರೆ

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಆನ್‌ಲೈನಿನಲ್ಲೂ ಒಂದೇ ಬಗೆಯ ಸಿಸಿಟಿವಿ ಸೆಟ್ ಜೋರಾಗಿ ಓಡುತ್ತಿದೆ. ಗುಂಡಗಿನ ಎರಡು ಡೋಮ್, ಉದ್ದನೆಯ ಎರಡು ಬುಲೆಟ್ ಕ್ಯಾಮೆರಾ, ದೃಶ್ಯ ರೆಕಾರ್ಡ್ ಮಾಡುವ ನಾಲ್ಕು ಚಾನೆಲ್ಲಿನ ಡಿವಿಆರ್ ಪೆಟ್ಟಿಗೆ, ಒಂದು ಹಾರ್ಡ್ ಡಿಸ್ಕ್, 90 ಮೀಟರಿನ 3+1 ಕೇಬಲ್ ಸುರುಳಿ, ಪವರ್ ಸಪ್ಲೈ, ಕವರಿನ ತುಂಬ ಚಿತ್ರದ ತಂತಿಗೆ ಬಿಎನ್‌ಸಿ ಪಿನ್ನು, ಕರೆಂಟಿಗೆ ಡಿಸಿ ಪಿನ್ನು. ಬೆಲೆ 10 ಸಾವಿರದ ಆಸುಪಾಸು, ಮೇಲೆ ‘ಫಿಟ್ಟಿಂಗ್ ಫ್ರೀ’. ಕೊಳ್ಳುವವರ ಬೇಡಿಕೆಯೂ ಹೆಚ್ಚುಕಮ್ಮಿ ಒಂದೇ: ರಾತ್ರಿಯೂ ಬಣ್ಣದಲ್ಲಿ ಕಾಣಬೇಕು, ಗೇಟಿನಾಚೆ ಹೋಗುವ ಗಾಡಿಯ ನಂಬರ್ ಓದಬೇಕು, ತಿಂಗಳ ರೆಕಾರ್ಡಿಂಗ್ ಇರಬೇಕು, ಊರಿಗೆ ಹೋದಾಗ ಮೊಬೈಲಿನಲ್ಲಿ ನೋಡಬೇಕು, ಐದು ವರ್ಷ ಯಾರೂ ಏಣಿ ಹತ್ತಬಾರದು. ಇವುಗಳಲ್ಲಿ ಈ ಸೆಟ್ ನೆಟ್ಟಗೆ ಕೊಡುವುದು ಮೊಬೈಲಿನದೊಂದನ್ನೇ.

ಹಾಗೆಂದು ಕ್ಯಾಮೆರಾ ಕಳಪೆ ಅನ್ನಲಾಗದು. 2 ಮೆಗಾಪಿಕ್ಸೆಲ್ ಕ್ಯಾಮೆರಾ ಈ ದರಕ್ಕೆ ಹಗಲಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬೆಲೆ ಇಳಿಸಿರುವುದು ಯಾರೂ ಬಗ್ಗಿ ನೋಡದ ಕಡೆ: ಕೇಬಲ್ಲು, ಪವರ್ ಸಪ್ಲೈ, ಡಿಸ್ಕು, ಪಿನ್ನು, ಮತ್ತೆ ಡಿವಿಆರ್‌ನ ಹೊಟ್ಟೆಯೊಳಗೆ. ಕಾಸಿಗೆ ತಕ್ಕ ಕಜ್ಜಾಯ ಎಂದು ಸುಮ್ಮನಿರಬಹುದಿತ್ತು. ಆದರೆ ಅದೇ ಕಾಸಿಗೆ ಇದಕ್ಕಿಂತ ಒಳ್ಳೆಯ ಕಜ್ಜಾಯ ಸಿಗುತ್ತದೆ. ಅದಕ್ಕೆ ಆಮೇಲೆ ಬರೋಣ.

ಡಿವಿಆರ್‌ನಿಂದ ಶುರು ಮಾಡೋಣ. ಡಬ್ಬದ ಮೇಲೆ ‘1080’ ಎಂದು ದಪ್ಪಗೆ ಅಚ್ಚಾಗಿರುತ್ತದೆ, ಅದರ ಪಕ್ಕ ಸಣ್ಣಗೆ ‘ಎನ್’ ಅಥವಾ ‘ಲೈಟ್’. ಆ ಪುಟ್ಟ ಅಕ್ಷರದ ಅರ್ಥ ಇಷ್ಟು: ಕ್ಯಾಮೆರಾ 1920×1080 ಚುಕ್ಕಿಗಳ ಚಿತ್ರ ಕಳಿಸಿದರೂ ಡಿಸ್ಕಿಗೆ ಬೀಳುವುದು 960×1080. ಅಡ್ಡಗಲದಲ್ಲಿ ಅರ್ಧ ಹೋಯಿತು. ಲೈವ್ ನೋಡುವಾಗ ಚಿತ್ರ ಚೊಕ್ಕವಾಗಿರುತ್ತದೆ. ಕಳ್ಳತನವಾದ ಮೇಲೆ ಪ್ಲೇಬ್ಯಾಕ್ ತೆಗೆದು ಝೂಮ್ ಮಾಡಿದಾಗಲೇ ಮುಖ ಕಲಸಿಕೊಂಡಿರುವುದು ಗೊತ್ತಾಗುವುದು.

ನಂಬರ್ ಪ್ಲೇಟಿನ ಆಸೆಯನ್ನು ಇದೇ ಲೆಕ್ಕಕ್ಕೆ ಹಿಡಿದು ನೋಡಿ. 3.6 ಮಿ.ಮೀ. ಲೆನ್ಸು ಸುಮಾರು 80 ಡಿಗ್ರಿ ಅಗಲ ನೋಡುತ್ತದೆ. 10 ಮೀಟರ್ ದೂರದಲ್ಲಿ ಅದು ಹಿಡಿಯುವ ಅಗಲ ಹತ್ತಿರಹತ್ತಿರ 17 ಮೀಟರ್. 960 ಚುಕ್ಕಿಗಳನ್ನು ಅಷ್ಟಗಲಕ್ಕೆ ಹರವಿದರೆ ಮೀಟರಿಗೆ 57 ಬಿದ್ದಾವು. ಕಾರಿನ ಪ್ಲೇಟು ಅರ್ಧ ಮೀಟರ್ ಉದ್ದ, ಅದರಲ್ಲಿ ಹತ್ತು ಅಕ್ಷರ-ಅಂಕಿ. ಒಂದೊಂದಕ್ಕೆ ಮೂರು ಚುಕ್ಕಿಯೂ ಗಿಟ್ಟುವುದಿಲ್ಲ. ಸ್ಕೂಟರಿನ ಹಿಂದಿನ ಪ್ಲೇಟು 20 ಸೆಂ.ಮೀ., ಅದರ ಮಾತೇ ಬೇಡ. ರಾತ್ರಿಯಾದರೆ ಕ್ಯಾಮೆರಾ ಬೀರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊಳೆಯುವ ಪ್ಲೇಟಿಗೆ ಬಡಿದು ಬಿಳಿ ಪಟ್ಟಿಯಷ್ಟೇ ಉಳಿಯುತ್ತದೆ. ಸಿನಿಮಾದಲ್ಲಿ ‘ಎನ್‌ಹಾನ್ಸ್’ ಅಂದ ಕೂಡಲೇ ಸ್ಪಷ್ಟವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಡಿಸ್ಕಿಗೆ ಬೀಳದ ಚುಕ್ಕಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ. ನಂಬರೇ ಬೇಕೆಂದರೆ ಅದೊಂದೇ ಕೆಲಸಕ್ಕೆ ಕಡಿಮೆ ಅಗಲ ನೋಡುವ 6 ಅಥವಾ 12 ಮಿ.ಮೀ. ಲೆನ್ಸಿನ ಪ್ರತ್ಯೇಕ ಕ್ಯಾಮೆರಾ, ವೇಗದ ಶಟರ್, ಗಾಡಿ ನಿಧಾನವಾಗುವ ಜಾಗ, ಮೂರೂ ಬೇಕು.

ಮುಖಕ್ಕೂ ಇದೇ ಅಳತೆ. ಗುರುತಿಲ್ಲದವರ ಮುಖ ಹಿಡಿಯಲು ಮೀಟರಿಗೆ 250 ಚುಕ್ಕಿ ಬೇಕೆಂಬುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ. 3.6 ಮಿ.ಮೀ. ಲೆನ್ಸು, ಪೂರ್ತಿ 1080 ರೆಕಾರ್ಡಿಂಗ್ ಇದ್ದರೆ ಅದು ನಾಲ್ಕೂವರೆ ಮೀಟರಿನವರೆಗೆ. ಲೈಟ್ ಡಿವಿಆರ್‌ನಲ್ಲಿ ಎರಡೂಕಾಲು. ಹೀಗಾಗಿ ಟೆರೇಸಿನ ಮೂಲೆಯಿಂದ ‘ಇಡೀ ರಸ್ತೆ ಕವರ್’ ಮಾಡಿಸಿಕೊಂಡವರಿಗೆ ಸಿಗುವುದು ತಲೆ, ಟೋಪಿ, ಹೆಲ್ಮೆಟ್. ಮುಖ ಬೇಕಾದರೆ ಕ್ಯಾಮೆರಾ 8ರಿಂದ 9 ಅಡಿ ಎತ್ತರದಲ್ಲಿ, ಜನ ಹಾಯಲೇಬೇಕಾದ ಬಾಗಿಲಿಗೆ ಎದುರಾಗಿ ಕೂರಬೇಕು.

ಈಗ ಕೇಬಲ್. ಬಹುಪಾಲು ತಾಪತ್ರಯ ಇಲ್ಲಿಂದಲೇ. 3+1 ಎಂದರೆ ಚಿತ್ರಕ್ಕೆ ಟಿವಿ ಕೇಬಲ್ಲಿನಂಥ ಒಂದು ಕೋಆಕ್ಸಿಯಲ್, ಕರೆಂಟು ಇತ್ಯಾದಿಗೆ ಮೂರು ಸಣ್ಣ ತಂತಿ. ಅಗ್ಗದ ಸುರುಳಿಯಲ್ಲಿ ಈ ತಂತಿಗಳು ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಮೂರು ಸಲ ಮಡಚಿದರೆ ಪಟ್ಟನೆ ಮುರಿಯುತ್ತದೆ. ಕ್ಯಾಮೆರಾ 60 ಮೀಟರ್ ದೂರವಿದ್ದರೆ ಕರೆಂಟು ಹೋಗಿ ಬರುವ ದಾರಿ 120 ಮೀಟರ್. 0.5 ಚದರ ಮಿ.ಮೀ. ಶುದ್ಧ ತಾಮ್ರದಲ್ಲಿ ರೋಧ ಸುಮಾರು 4 ಓಮ್; ರಾತ್ರಿ ಇನ್‌ಫ್ರಾರೆಡ್ ಹತ್ತಿ 0.4 ಆಂಪಿಯರ್ ಎಳೆದಾಗ 1.6 ವೋಲ್ಟ್ ದಾರಿಯಲ್ಲೇ ಸೋರುತ್ತದೆ. ಅದೇ ದಪ್ಪದ ಲೇಪದ ತಂತಿಯಲ್ಲಿ ಎರಡೂವರೆ ದಾಟುತ್ತದೆ. ದಪ್ಪವೂ 0.25 ಚದರ ಮಿ.ಮೀ.ಗೆ ಇಳಿದರೆ 12 ವೋಲ್ಟ್ ಹೊರಟದ್ದು 7ಕ್ಕೆ ಬಂದು ಮುಟ್ಟುತ್ತದೆ.

ಆದ್ದರಿಂದಲೇ ‘ಬೆಳಿಗ್ಗೆ ಸರಿ ಇರುತ್ತೆ, ಸಂಜೆ ಆರೂವರೆಗೆ ಹೋಗುತ್ತೆ’ ಎಂಬ ದೂರು ಬಂದರೆ ಕ್ಯಾಮೆರಾ ಬದಲಿಸಬೇಡಿ. ಮಲ್ಟಿಮೀಟರನ್ನು ಕ್ಯಾಮೆರಾ ತುದಿಯಲ್ಲಿ ಹಿಡಿದು, ಲೆನ್ಸಿನ ಪಕ್ಕದ ಬೆಳಕಿನ ಸೆನ್ಸರ್ ಮುಚ್ಚಿ ಇನ್‌ಫ್ರಾರೆಡ್ ಹತ್ತಿಸಿ, ಆಗ ಅಳೆಯಿರಿ. 11ಕ್ಕಿಂತ ಕೆಳಗಿಳಿದರೆ ಆ ಕ್ಯಾಮೆರಾಕ್ಕೆ ಹತ್ತಿರದ ಪ್ಲಗ್ಗಿನಿಂದ ಬೇರೆ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಕೊಡಿ. 30×40 ಸೈಟಿನ ಮನೆಯಲ್ಲಿ ಒಂದೊಂದು ಎಳೆತ 15-25 ಮೀಟರ್. ಅಲ್ಲಿ ಸೆಟ್ಟಿನ ಕೇಬಲ್ ಹೇಗೋ ನಡೆದೀತು. ಇದೇ ಸುರುಳಿಯನ್ನು ತೋಟದ ಮನೆಯಿಂದ ಪಂಪ್‌ಸೆಟ್ಟಿಗೋ ಅಡಿಕೆ ಅಂಗಳಕ್ಕೋ ಎಳೆದರೆ ಕತೆ ಮುಗಿದಂತೆ. ಮಲೆನಾಡಿನಲ್ಲಿ ಏಪ್ರಿಲ್-ಮೇ ಗುಡುಗಿಗೆ ಇಂಥ ಉದ್ದನೆಯ ತಾಮ್ರದ ಎಳೆತ ಸಿಡಿಲನ್ನು ನೇರ ಡಿವಿಆರ್ ತನಕ ಕರೆತರುತ್ತದೆ. ಅಲ್ಲಿಗೆ ಚಿತ್ರವನ್ನು ಬೆಳಕಿನಲ್ಲಿ ಸಾಗಿಸುವ ಫೈಬರ್ ಎಳೆ ಮತ್ತು ಎರಡು ತುದಿಗೆ ಅದನ್ನು ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕುವುದೇ ಸರಿ, ಅದು ಈ ಬಜೆಟ್ಟಿನ ಮಾತಲ್ಲ.

ಪವರ್ ಸಪ್ಲೈ ಮೇಲೆ 12 ವೋಲ್ಟ್, 5 ಆಂಪಿಯರ್ ಎಂಬ ಸ್ಟಿಕ್ಕರ್ ಇರುತ್ತದೆ. ನಾಲ್ಕು ಕ್ಯಾಮೆರಾಕ್ಕೆ ರಾತ್ರಿ ಬೇಕಾಗುವುದು ಬರೀ 1.6. ಸ್ಟಿಕ್ಕರ್ ನಿಜವೇ ಆಗಿದ್ದರೆ ಧಾರಾಳ. ಕೈಯಲ್ಲಿ ಎತ್ತಿದಾಗ ಹಗುರ ಅನಿಸಿದರೆ ಅನುಮಾನಪಡಿ.

ಡಿಸ್ಕಿನ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86. ಸೆಟ್ಟಿನ 500 ಜಿಬಿ ಡಿಸ್ಕು ಆರನೇ ದಿನಕ್ಕೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. 1 ಟಿಬಿ ಆದರೆ ಹನ್ನೊಂದು ದಿನ. ತಿಂಗಳಿಗೆ 2.6 ಟಿಬಿ ಬೇಕು, ಅಂದರೆ 4 ಟಿಬಿ ಡಿಸ್ಕು. ಎದುರಿಗೆ ಏನಾದರೂ ಚಲಿಸಿದಾಗ ಮಾತ್ರ ಬರೆಯುವ ಮೋಷನ್ ರೆಕಾರ್ಡಿಂಗ್ ಇಟ್ಟರೆ ಉಳಿತಾಯವಾಗುತ್ತದೆ, ಎದುರಿಗೆ ಅಲ್ಲಾಡುವ ತೆಂಗಿನ ಗರಿ ಇಲ್ಲದಿದ್ದರೆ. ಮನೆಗಾದರೆ ಹತ್ತು ದಿನ ಸಾಕು. ಆದರೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುವ, ಹೆಚ್ಚು ಜನ ಸೇರುವ ಜಾಗಗಳು 30 ದಿನದ ದೃಶ್ಯ ಇಟ್ಟಿರಬೇಕು. ಅಂಥವರು ಈ ಸೆಟ್ ತರುವುದೇ ಬೇಡ.

ಇನ್ನೊಂದು ಪೆಟ್ಟು: ಹಳೆಯ ಕಂಪ್ಯೂಟರಿನ ಡಿಸ್ಕನ್ನು ಒರೆಸಿ ಹೊಸ ಕವರಿಗೆ ಹಾಕಿರುತ್ತಾರೆ. ಹಲವು ಡಿವಿಆರ್‌ಗಳ ಮೆನುವಿನಲ್ಲಿ ಡಿಸ್ಕಿನ ಆರೋಗ್ಯ ಹೇಳುವ ‘ಸ್ಮಾರ್ಟ್’ ಮಾಹಿತಿ ಇರುತ್ತದೆ, ಅಲ್ಲಿ ‘ಪವರ್ ಆನ್ ಅವರ್ಸ್’, ಅಂದರೆ ಡಿಸ್ಕು ಓಡಿದ ಒಟ್ಟು ಗಂಟೆ ನೋಡಿ. ವರ್ಷಕ್ಕೆ 8,760 ಗಂಟೆ. ‘ಹೊಸ’ ಡಿಸ್ಕಿನಲ್ಲಿ 20,000 ಕಂಡರೆ ಅದು ಬೇರೆಲ್ಲೋ ಎರಡು ವರ್ಷ ದುಡಿದು ನಿಮ್ಮ ಮನೆಗೆ ಬಂದಿದೆ. ದಿನವಿಡೀ ಬರೆಯುವುದಕ್ಕೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ ಡಿಸ್ಕಿಗೆ ಒಂದಿಷ್ಟು ಹೆಚ್ಚು ಕೊಡಿ.

ಪಿನ್ನುಗಳ ಕತೆ ಚಿಕ್ಕದು. ತಿರುಪಿನ ಬಿಎನ್‌ಸಿ ಸಡಿಲವಾಗುತ್ತದೆ, ಹೊರಗಿನ ಜೋಡಣೆಗೆ ಟೇಪು ಸುತ್ತಿ ಬಿಟ್ಟರೆ ಒಂದೇ ಮಳೆಗಾಲ. ಪ್ರತಿ ಕ್ಯಾಮೆರಾ ಹಿಂದೆ ಒಂದು ಪಿವಿಸಿ ಬಾಕ್ಸ್ ಇರಬೇಕು, ಕೇಬಲ್ಲು ಬಾಕ್ಸಿನ ಕೆಳಗಿನಿಂದ ಒಳಗೆ ಹೋಗಬೇಕು. ಬಾಕ್ಸು ಸೆಟ್ಟಿನಲ್ಲಿ ಬರುವುದಿಲ್ಲ.

‘ಫಿಟ್ಟಿಂಗ್ ಫ್ರೀ’ಯಲ್ಲಿ ಬಾರದಿರುವುದು ಇದೊಂದೇ ಅಲ್ಲ. ಪೈಪು, ಕೇಸಿಂಗ್ ಪಟ್ಟಿ, 90 ಮೀಟರ್ ಮೀರಿದ ಕೇಬಲ್, ಕಾಂಕ್ರೀಟ್ ಬೀಮಿನಲ್ಲಿ ತೂತು, ಎತ್ತರದ ಏಣಿ, ಮಾನಿಟರ್ ಎಲ್ಲಕ್ಕೂ ಬೇರೆ ಬಿಲ್ಲು. ಫ್ರೀಯಲ್ಲಿ ಸಿಗುವುದು ಗೋಡೆಯ ಮೇಲೆ ಕ್ಲಿಪ್ಪು ಹೊಡೆದ ಬರೀ ತಂತಿ. ಇಲಿಗೂ ಅಳಿಲಿಗೂ ಹಬ್ಬ. ನಾಲ್ಕು ಕ್ಯಾಮೆರಾವನ್ನು ಪಟ್ಟಿಯೊಳಗೆ ಒಪ್ಪವಾಗಿ ಎಳೆಯಲು ಇಬ್ಬರಿಗೆ ಇಡೀ ದಿನ ಬೇಕು. ಆ ಇಬ್ಬರ ಒಂದು ದಿನದ ಕೂಲಿ ಎಷ್ಟೆಂದು ನೀವೇ ಕೂಡಿಸಿ, 10 ಸಾವಿರದಿಂದ ಕಳೆಯಿರಿ. ಉಳಿದದ್ದು ನಿಮ್ಮ ಸಾಮಾನಿನ ನಿಜವಾದ ಬೆಲೆ.

ಹಾಗಾದರೆ ಅದೇ ದುಡ್ಡಿಗೆ ಏನು ತರಬೇಕು? ಎರಡೇ ಕ್ಯಾಮೆರಾ. ಒಂದು ಬಾಗಿಲಿಗೆ, ಮುಖಕ್ಕೆಂದು 3.6 ಮಿ.ಮೀ.; ಇನ್ನೊಂದು ಗಾಡಿ ನಿಲ್ಲಿಸುವ ಜಾಗಕ್ಕೆ, 2.8 ಮಿ.ಮೀ. ಅಗಲ ಲೆನ್ಸು. ‘ಲೈಟ್’ ಅಲ್ಲದ ನಾಲ್ಕು ಚಾನೆಲ್ ಡಿವಿಆರ್, 1 ಟಿಬಿ ಸರ್ವೆಲೆನ್ಸ್ ಡಿಸ್ಕು, ತಾಮ್ರದ ಕೇಬಲ್, ಎರಡು ಬಾಕ್ಸು. 10 ಸಾವಿರದ ಮೇಲೆ ತುಸು ಹೋದೀತು. ಡಿಸ್ಕಿನಲ್ಲಿ ಇಪ್ಪತ್ತು ದಿನಕ್ಕೂ ಹೆಚ್ಚಿನ ರೆಕಾರ್ಡಿಂಗ್ ಉಳಿಯುತ್ತದೆ, ಖಾಲಿ ಉಳಿದ ಎರಡು ಚಾನೆಲ್ಲಿಗೆ ಮುಂದಿನ ದೀಪಾವಳಿಗೆ ಕ್ಯಾಮೆರಾ ಸೇರಿಸಬಹುದು. ರಾತ್ರಿ ಬಣ್ಣ ಬೇಕೆಂದರೆ ಬಿಳಿ ಎಲ್‌ಇಡಿಯ ಕ್ಯಾಮೆರಾ ತೆಗೆದುಕೊಳ್ಳಿ. ಅದು ರಾತ್ರಿ ದೀಪವಾಗಿ ಉರಿಯುತ್ತದೆ, ಹುಳುಗಳೂ ಬರುತ್ತವೆ, ಅವುಗಳ ಹಿಂದೆ ಜೇಡ. ಅದಕ್ಕೂ ಕಡಿಮೆ ಬಜೆಟ್ಟಿನವರಿಗೆ ಮೆಮೊರಿ ಕಾರ್ಡಿನ ಒಂದು ವೈಫೈ ಕ್ಯಾಮೆರಾ ಸಾಕು. 128 ಜಿಬಿಗೆ ಐದಾರು ದಿನ. ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ಕಾರ್ಡೂ ಅವನ ಜೊತೆಗೇ ಹೋಗುತ್ತದೆ, ಅಷ್ಟೇ.

ಯಾವುದನ್ನೇ ತಂದರೂ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಸುರಕ್ಷತಾ ಪರೀಕ್ಷೆ ಮುಗಿಸಿದ ಮಾದರಿಯೇ ಎಂದು ಅಂಗಡಿಯಲ್ಲಿ ಕೇಳಿ, ಮಾದರಿ ಸಂಖ್ಯೆ ಬಿಲ್ಲಿನಲ್ಲಿ ಬರೆಸಿ.

ಬಾಕಿ ಹಣ ಕೊಡುವ ಮೊದಲು ಕತ್ತಲಾಗುವವರೆಗೆ ಕಾಯಿರಿ. ಎಲ್ಲ ಕ್ಯಾಮೆರಾ ರಾತ್ರಿ ಬೆಳಕು ಹತ್ತಿ ಅರ್ಧ ಗಂಟೆ ನಿಲ್ಲಲಿ. ಮನೆಯವರೊಬ್ಬರು ಗೇಟಿನಿಂದ ಬಾಗಿಲಿಗೆ ನಡೆದು ಬರಲಿ, ಲೈವ್ ಬಿಟ್ಟು ಪ್ಲೇಬ್ಯಾಕಿನಲ್ಲಿ ಅವರ ಮುಖ ನೋಡಿ. ಡಿವಿಆರ್ ಗಡಿಯಾರ ಮೊಬೈಲಿನ ಗಡಿಯಾರಕ್ಕೆ ಹೊಂದುತ್ತದೆಯೇ ನೋಡಿ. ಇಪ್ಪತ್ತು ನಿಮಿಷ ಹಿಂದಿರುವ ದೃಶ್ಯ ಪೊಲೀಸರ ಮುಂದೆ ನೂರು ಪ್ರಶ್ನೆ ಎಬ್ಬಿಸುತ್ತದೆ. ಮೇನ್ ಸ್ವಿಚ್ ಒಮ್ಮೆ ಆರಿಸಿ ಹಾಕಿ, ರೆಕಾರ್ಡಿಂಗ್ ತಾನಾಗಿ ಮತ್ತೆ ಶುರುವಾಗಬೇಕು. ಆ್ಯಪಿನಲ್ಲಿ ಡಿವಿಆರ್ ನೋಂದಣಿಯಾಗಿರುವುದು ನಿಮ್ಮ ಮೊಬೈಲ್ ನಂಬರಿನಲ್ಲೋ ಫಿಟ್ ಮಾಡಿದವರ ನಂಬರಿನಲ್ಲೋ ಎಂದು ತೆರೆದು ತೋರಿಸಲು ಹೇಳಿ. ಅವರ ನಂಬರಿನಲ್ಲಿದ್ದರೆ ಅಲ್ಲೇ ತೆಗೆಸಿ ನಿಮ್ಮದಕ್ಕೆ ಹಾಕಿಸಿ, ಪಾಸ್‌ವರ್ಡ್ ನೀವೇ ಬದಲಿಸಿ, ಆಮೇಲೆ ಏಣಿ ಕೆಳಗಿಳಿಯಲಿ.